ಅರವತ್ತನಾಲ್ಕರಿಂದ ಹದಿನೆಂಟಕ್ಕೆ: ಮಡಿಕೇರಿಯ ಮುದ್ರಣ ಸ್ಟುಡಿಯೊವೊಂದರಲ್ಲಿ ಪ್ರದರ್ಶನದ ಚಿತ್ರಗಳನ್ನು ಆರಿಸಿಕೊಂಡ ಅನುಭವ

ಛಾಯಾಚಿತ್ರಗಳನ್ನು ಮುದ್ರಿಸಿ ಫ್ರೇಮು ಹಾಕಿಕೊಡುವ ಅಂಗಡಿಗಳು ಮಡಿಕೇರಿಯಲ್ಲೂ ಕುಶಾಲನಗರದಲ್ಲೂ ವಿರಾಜಪೇಟೆಯಲ್ಲೂ ಇವೆ. ಆದರೆ ಯಾವ ಚಿತ್ರವನ್ನು ಮುದ್ರಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ನಮ್ಮ ಜೊತೆಗೆ ಕುಳಿತು, ಸಮಯ ಕೊಟ್ಟು, ಯೋಚಿಸಿ ಹೇಳುವ ಜಾಗ ನನಗೆ ಗೊತ್ತಿರುವಂತೆ ಒಂದೇ. ಅದು ಮಡಿಕೇರಿಯ ಹಳೆಯ ಪೇಟೆಯ ಇಳಿಜಾರು ರಸ್ತೆಯೊಂದರಲ್ಲಿ, ಹಂಚಿನ ಮನೆಯ ಮುಂಭಾಗದ ಎರಡು ಕೋಣೆಗಳಲ್ಲಿ, ಅಪ್ಪ ಮತ್ತು ಮಗಳು ನಡೆಸುತ್ತಿರುವ ಸಣ್ಣ ಮುದ್ರಣ ಸ್ಟುಡಿಯೊ. ಕಳೆದ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ, ತೋಟದ ಕೆಲಸ ಕಡಿಮೆ ಇದ್ದ ದಿನಗಳಲ್ಲಿ, ಮೊದಲ ಬಾರಿಗೆ ಅಲ್ಲಿಗೆ ಹೋದೆ. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿ ಕಳೆದ ಮರುವಾರ ನನ್ನ ಚಿತ್ರಗಳು ಗೋಡೆಯ ಮೇಲಿದ್ದವು. ನಡುವಿನ ಐದು ತಿಂಗಳಲ್ಲಿ ಅವರಿಂದ ನನಗೆ ಸಿಕ್ಕಿದ್ದೇನು, ಸಿಗದೆ ಹೋದದ್ದೇನು ಎಂಬುದನ್ನು, ಇಂಥ ಕೆಲಸಕ್ಕೆ ಕೈಹಾಕುವ ಇತರರಿಗೆ ಉಪಯೋಗವಾಗಬಹುದೆಂಬ ನಂಬಿಕೆಯಿಂದ, ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು ಸುಂಟಿಕೊಪ್ಪದ ಬಳಿ ಏಳು ಎಕರೆ ರೋಬಸ್ಟಾ ಕಾಫಿ ತೋಟ. ಹತ್ತು ವರ್ಷಗಳಿಂದ ಅದೇ ತೋಟದಲ್ಲಿ, ಅಕ್ಕಪಕ್ಕದ ತೋಟಗಳಲ್ಲಿ, ಹೂವಿನಿಂದ ಕಣದವರೆಗಿನ ಕೆಲಸಗಳನ್ನು ಚಿತ್ರಿಸುತ್ತ ಬಂದಿದ್ದೇನೆ. ಫೆಬ್ರವರಿಯಲ್ಲಿ ಹೂ ಅರಳಿಸುವ ಮಳೆಯನ್ನು ಕಾಯದೆ ಹಾಕುವ ಸ್ಪ್ರಿಂಕ್ಲರ್, ನೀರು ಬಿದ್ದ ಎಂಟು ದಿನಗಳಲ್ಲಿ ತೋಟವೆಲ್ಲ ಬಿಳಿಯಾಗುವ ಬೆಳಗು, ಜೋರು ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಕೆಲಸಕ್ಕೆ ಹೊರಟವರು, ಸಿಲ್ವರ್ ಓಕ್ ಮರಕ್ಕೆ ಬಿದಿರಿನ ಏಣಿ ಚಾಚಿ ಮೆಣಸು ಕೊಯ್ಯುವವರು, ಜನವರಿಯಲ್ಲಿ ಹಣ್ಣು ಕೊಯ್ದು ಸಂಜೆ ಅಳತೆ ಕೊಡಲು ಸಾಲುಗಟ್ಟುವವರು, ಇವೆಲ್ಲ ಸೇರಿ ಕಂಪ್ಯೂಟರಿನಲ್ಲಿ ಸುಮಾರು 4,300 ಚಿತ್ರಗಳಾಗಿದ್ದವು. ಮಡಿಕೇರಿಯ ಸಂಘವೊಂದು ತನ್ನ ಸಭಾಂಗಣದ ಒಂದು ಗೋಡೆಯನ್ನು ಹತ್ತು ದಿನಗಳ ಮಟ್ಟಿಗೆ ಕೊಡುವುದಾಗಿಯೂ, 22 ಚಿತ್ರಗಳನ್ನು ತೂಗುಹಾಕಬಹುದೆಂದೂ ಹೇಳಿದಾಗ ನನಗೆ ಸಂತೋಷಕ್ಕಿಂತ ಹೆಚ್ಚು ಗಾಬರಿಯಾಯಿತು. ನಾನೇ ಆರಿಸಲು ಕುಳಿತು ಮೂರು ವಾರ ಕಳೆದೆ. 180ಕ್ಕೆ ಇಳಿಸಿದೆ, ಮತ್ತೆ 64ಕ್ಕೆ ಇಳಿಸಿದೆ, ಅಲ್ಲಿಂದ ಕೆಳಗೆ ಒಂದನ್ನೂ ತೆಗೆಯಲಾಗಲಿಲ್ಲ. ಆ ಹಂತದಲ್ಲಿ ಪರಿಚಯದವರೊಬ್ಬರು ಈ ಸ್ಟುಡಿಯೊದ ದಾರಿ ತೋರಿಸಿದರು.

ಆಯ್ಕೆಗೆ ಅರ್ಧ ದಿನದ ಶುಲ್ಕ 1,500 ರೂಪಾಯಿ. ಫೋನಿನಲ್ಲಿ ಮಾತನಾಡಿದಾಗಲೇ ಅವರು ಹಾಕಿದ ಷರತ್ತು, ಪೆನ್ ಡ್ರೈವ್ ಹಿಡಿದುಕೊಂಡು ಬಂದರೆ ಸಾಲದು, 64 ಚಿತ್ರಗಳನ್ನೂ ಮೊದಲೇ ಕಳುಹಿಸಬೇಕು, ತಾವು 4×6 ಅಂಗುಲದ ಸಣ್ಣ ಪ್ರಿಂಟುಗಳನ್ನು ತೆಗೆದಿಡುತ್ತೇವೆ ಎಂಬುದು. ಒಂದಕ್ಕೆ 12 ರೂಪಾಯಿಯಂತೆ ಅದು 768 ರೂಪಾಯಿ ಆಯಿತು. ಪರದೆಯ ಮೇಲೆಯೇ ನೋಡಬಹುದಾದದ್ದಕ್ಕೆ ಕಾಗದ ಏಕೆ ಎಂದು ಆಗ ನನಗೆ ಅನಿಸಿತ್ತು. ಮೇಜಿನ ಮುಂದೆ ನಿಂತ ಮೇಲೆ ಹಾಗೆ ಅನಿಸಲಿಲ್ಲ. ಪರದೆಯ ಮೇಲೆ ಚಿತ್ರಗಳು ಒಂದಾದ ಮೇಲೊಂದು ಬರುತ್ತವೆ. ಪ್ರತಿಯೊಂದೂ ತಾನೊಂದೇ ಇದ್ದಂತೆ ಕಾಣುತ್ತದೆ, ಹಿಂದಿನದು ಆಗಲೇ ಮರೆತಿರುತ್ತದೆ. ಉದ್ದನೆಯ ಮೇಜಿನ ಮೇಲೆ ಅರವತ್ತನಾಲ್ಕನ್ನೂ ಹರಡಿದಾಗ, ಹೂವಿನ ಚಿತ್ರಗಳು ಹನ್ನೊಂದಿವೆ, ಅವುಗಳಲ್ಲಿ ಏಳು ಒಂದನ್ನೊಂದು ಹೋಲುತ್ತವೆ, ಜೂನ್ ತಿಂಗಳ ಕೆಲಸದ ಚಿತ್ರ ಒಂದೇ ಇದೆ ಎಂಬುದು ಯಾರೂ ಹೇಳದೆಯೇ ಕಣ್ಣಿಗೆ ಬಿತ್ತು. ನನ್ನ ಮೂರು ವಾರದ ಕೆಲಸದಲ್ಲಿ ನಾನು ಮಾಡಿದ್ದು ಚೆನ್ನಾದ ಚಿತ್ರಗಳನ್ನು ಗುಡ್ಡೆ ಹಾಕಿದ್ದು ಮಾತ್ರ; ಪ್ರದರ್ಶನವನ್ನು ಕಟ್ಟುವ ಕೆಲಸ ಇನ್ನೂ ಆರಂಭವೇ ಆಗಿರಲಿಲ್ಲ.

ಸ್ಟುಡಿಯೊದ ಹಿರಿಯರಿಗೆ ಅರವತ್ತು ದಾಟಿದೆ; ಡಾರ್ಕ್‌ರೂಮಿನ ಕಾಲದಿಂದ ಈ ಕೆಲಸದಲ್ಲಿರುವವರು. ಕುಳಿತ ಕೂಡಲೇ ಅವರು ಹೇಳಿದ್ದು, "ಅಮ್ಮ, ಮೊದಲ ಒಂದು ಗಂಟೆ ಯಾವ ಚಿತ್ರದ ಕಥೆಯನ್ನೂ ಹೇಳಬೇಡಿ. ಸಭಾಂಗಣದಲ್ಲಿ ಪ್ರತಿ ಚಿತ್ರದ ಪಕ್ಕದಲ್ಲೂ ನೀವು ನಿಂತಿರುವುದಿಲ್ಲ" ಎಂದು. ಇದು ಕೇಳಲು ಸುಲಭ, ಪಾಲಿಸಲು ಬಹಳ ಕಷ್ಟ. ಒಂದು ಚಿತ್ರಕ್ಕಾಗಿ ನಸುಕಿನಲ್ಲಿ ಎದ್ದು ಜಿಗಣೆಗಳ ನಡುವೆ ನಡೆದಿದ್ದರೆ, ಆ ನಡಿಗೆಯೂ ಚಿತ್ರದೊಳಗೆ ಇದೆ ಎಂದು ನಾವು ನಂಬಿರುತ್ತೇವೆ. ಅವರು ಮಾತಿಲ್ಲದೆ ಚಿತ್ರಗಳನ್ನು ತಿಂಗಳುಗಳ ಪ್ರಕಾರ ಗುಂಪು ಮಾಡಿದರು, ಕೆಲವನ್ನು ತಲೆಕೆಳಗು ಮಾಡಿ ನೋಡಿದರು. ಹಾಗೆ ನೋಡಿದಾಗ ಮುಖ, ಮರ, ಮನೆ ಎಂಬ ಗುರುತು ಹಿಂದೆ ಸರಿದು, ಬೆಳಕು ಎಲ್ಲಿ ದಟ್ಟವಾಗಿದೆ, ಕಣ್ಣು ಚೌಕಟ್ಟಿನ ಹೊರಕ್ಕೆ ಎಲ್ಲಿ ಜಾರುತ್ತದೆ ಎಂಬುದು ಕಾಣಿಸುತ್ತದೆ. ನಡುವೆ ನನ್ನನ್ನು ಜಗಲಿಗೆ ಕಳುಹಿಸಿ, ಕಾಫಿ ಕುಡಿದು ಬಂದ ಮೇಲೆ, ಮೇಜಿಗೆ ಬಟ್ಟೆ ಮುಚ್ಚಿ, ನೆನಪಿರುವ ಚಿತ್ರಗಳನ್ನು ಹೇಳಲು ಕೇಳಿದರು. ನಾನು ಹೇಳಿದ್ದು ಹದಿನಾಲ್ಕು. ನಾನು ಬಹಳ ಮೆಚ್ಚಿಕೊಂಡಿದ್ದ ಕೆಲವು ಅವುಗಳಲ್ಲಿ ಇರಲೇ ಇಲ್ಲ.

ಎರಡನೆಯ ಗಂಟೆಯಲ್ಲಿ ನಡೆದ ಒಂದು ಚರ್ಚೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಾನು ಕೊಟ್ಟ ಹಣಕ್ಕೆ ನಿಜವಾದ ಬೆಲೆ ಸಿಕ್ಕಿದ್ದು ಅಲ್ಲಿ. ಕಣದ ಎರಡು ಚಿತ್ರಗಳಿದ್ದವು. ಒಂದರಲ್ಲಿ ಸಂಜೆಯ ಓರೆ ಬಿಸಿಲು, ಒಣಗಿದ ಚೆರ್ರಿಯನ್ನು ರಾಶಿ ಮಾಡುತ್ತಿರುವ ಹೆಂಗಸು, ಅವಳ ಸುತ್ತ ಹೊಂಬಣ್ಣದ ಧೂಳು. ಅದನ್ನು ನೋಡಿದವರೆಲ್ಲ ಹೊಗಳಿದ್ದರು. ಪ್ರದರ್ಶನದ ಮೊದಲ ಚಿತ್ರ ಅದೇ ಎಂದು ನಾನು ನಿಶ್ಚಯಿಸಿಕೊಂಡಿದ್ದೆ. ಇನ್ನೊಂದು ಜನವರಿಯಲ್ಲಿ ಅಕಾಲದ ಮಳೆ ಬಂದ ದಿನದ್ದು: ಬೂದು ಆಕಾಶ, ಟಾರ್ಪಲಿನ ನಾಲ್ಕು ಮೂಲೆ ಹಿಡಿದು ಓಡುತ್ತಿರುವ ಐವರು, ಎಡಗಡೆಯವನ ಕೈ ಮಸುಕು. ಅದು ನನ್ನ ಕಟ್ಟಿನ ಕೊನೆಯಲ್ಲಿತ್ತು. ಹಿರಿಯರು ಎರಡನ್ನೂ ಎದುರುಬದುರು ಇಟ್ಟು, ಮೊದಲನೆಯದನ್ನು ಕಾಫಿ ಬೆಳೆಯದವರೂ ತೆಗೆಯಬಹುದಿತ್ತು, ಎರಡನೆಯದನ್ನು ಆ ಕಣ ಯಾರದೋ ಅವರು ಮಾತ್ರ ತೆಗೆಯಬಲ್ಲರು ಎಂದರು. ನನ್ನ ಗಂಟಲು ಕಟ್ಟಿತು. ಆ ದಿನ ನಾನು ಎರಡೇ ಎರಡು ಬಾರಿ ಕ್ಲಿಕ್ಕಿಸಿ, ಕ್ಯಾಮೆರಾವನ್ನು ಜಗಲಿಯ ಮೇಲಿಟ್ಟು, ಐದನೆಯವನ ಜೊತೆಗೆ ಆರನೆಯವಳಾಗಿ ಟಾರ್ಪಲ್ ಹಿಡಿಯಲು ಓಡಿದ್ದೆ. ಮೂರು ವಾರ ಬಿಸಿಲು ಕಂಡು ಒಣಗುತ್ತ ಬಂದ ಹಣ್ಣು ಒಂದು ಮಳೆಗೆ ನೆನೆದರೆ ಬೂಸ್ಟು ಹಿಡಿದು ದರವೇ ಇಳಿಯುತ್ತದೆ ಎಂಬುದು ಗೊತ್ತಿದ್ದೂ, ಆ ಭಯ ಇರುವ ಚಿತ್ರವನ್ನು ನಾನು ಕೆಳಗಿಟ್ಟದ್ದು ಅದು ಸ್ವಲ್ಪ ಅಲುಗಿದೆ ಎಂಬ ಒಂದೇ ಕಾರಣಕ್ಕೆ. ಟಾರ್ಪಲಿನ ಚಿತ್ರ ಒಳಗೆ ಬಂತು. ಹೊಂಬಣ್ಣದ ಚಿತ್ರ ಹೊರಗೆ ಹೋಯಿತು.

ಮಂಗಟ್ಟೆ ಹಕ್ಕಿಯ ಚಿತ್ರ ಹೋದದ್ದೂ ಅದೇ ದಿನ. ಹಣ್ಣನ್ನು ಕೊಕ್ಕಿನ ತುದಿಯಲ್ಲಿ ಹಿಡಿದ ಆ ಹಕ್ಕಿಯ ಒಂದೊಂದು ಗರಿಯೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ನಮ್ಮ ತೋಟದ ನೆರಳಿನ ಮರದಲ್ಲೇ ತೆಗೆದದ್ದಾದ್ದರಿಂದ ಅದಕ್ಕೂ ಜಾಗವಿದೆ ಎಂದು ನಾನು ವಾದಿಸಿದೆ. ಕಾಫಿಯ ಕೆಲಸ ಮಾಡುವವರ ವರ್ಷವನ್ನು ನೋಡುತ್ತ ಬಂದವರ ಕಣ್ಣು ಅದರ ಮುಂದೆ ದಾರಿ ತಪ್ಪುತ್ತದೆ, ಹಕ್ಕಿಗಳದ್ದೇ ಬೇರೆ ಪ್ರದರ್ಶನ ಮಾಡಿ ಎಂದು ಅವರು ಅದನ್ನು ಪಕ್ಕಕ್ಕಿಟ್ಟರು. ಚಿತ್ರ ಚೆನ್ನಾಗಿರುವುದೂ ಪ್ರದರ್ಶನಕ್ಕೆ ಬೇಕಾಗಿರುವುದೂ ಬೇರೆ ಬೇರೆ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು. 1955ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಎಡ್ವರ್ಡ್ ಸ್ಟೈಕನ್ ಏರ್ಪಡಿಸಿದ 'ದಿ ಫ್ಯಾಮಿಲಿ ಆಫ್ ಮ್ಯಾನ್' ಪ್ರದರ್ಶನದ ವಿಷಯವನ್ನು ಅವರು ಅಂದು ಹೇಳಿದರು: ಸುಮಾರು 20 ಲಕ್ಷ ಚಿತ್ರಗಳಿಂದ ಆರಂಭಿಸಿ, 68 ದೇಶಗಳ 273 ಛಾಯಾಗ್ರಾಹಕರ 503 ಚಿತ್ರಗಳನ್ನು ಆರಿಸಿ, ಅವುಗಳನ್ನು ತೆಗೆದವರ ಹೆಸರಿನ ಪ್ರಕಾರ ಅಲ್ಲದೆ, ಹುಟ್ಟು, ಪ್ರೀತಿ, ದುಡಿಮೆ, ಸಾವು ಎಂದು ಬದುಕಿನ ಕ್ರಮದಲ್ಲಿ ತೂಗುಹಾಕಿದ ಪ್ರದರ್ಶನ ಅದು. ಅಷ್ಟು ದೊಡ್ಡ ಕೆಲಸವನ್ನು ನನ್ನ ಒಂದು ಗೋಡೆಗೆ ಹೋಲಿಸಲಾಗದು; ಆದರೂ ಚಿತ್ರದ ಜಾಗವನ್ನು ಅದರ ಅಕ್ಕಪಕ್ಕದ ಚಿತ್ರಗಳು ನಿರ್ಧರಿಸುತ್ತವೆ ಎಂಬುದು ನನಗೆ ಅಂದು ಅರ್ಥವಾಯಿತು.

ಸಂಖ್ಯೆಯ ಪ್ರಶ್ನೆಯನ್ನು ಅವರು ಟೇಪು ಹಿಡಿದು ಬಗೆಹರಿಸಿದರು. ಗೋಡೆಯ ಉದ್ದ 60 ಅಡಿ. 12×18 ಅಂಗುಲದ ಪ್ರಿಂಟಿಗೆ ಮೌಂಟ್ (ಚಿತ್ರದ ಸುತ್ತ ಇಡುವ ದಪ್ಪ ರಟ್ಟಿನ ಅಂಚು) ಹಾಕಿದರೆ ಫ್ರೇಮಿನ ಅಗಲ 2 ಅಡಿಯಾಗುತ್ತದೆ. 22 ಚಿತ್ರಗಳಿಗೆ 44 ಅಡಿ ಹೋಗಿ, ಉಳಿದ 16 ಅಡಿಯನ್ನು ಹಂಚಿದರೆ ಎರಡು ಚಿತ್ರಗಳ ನಡುವೆ 8 ಅಂಗುಲವಷ್ಟೇ ಸಿಗುತ್ತದೆ. ಒಂದನ್ನು ನೋಡುವಾಗ ಪಕ್ಕದ್ದು ಕಣ್ಣಂಚಿನಲ್ಲಿ ಎಳೆಯುತ್ತಿರುತ್ತದೆ. 18 ಚಿತ್ರಗಳಾದರೆ ಅಂತರ 15 ಅಂಗುಲಕ್ಕೆ ಏರುತ್ತದೆ. ಸಂಘದವರು 22 ಎಂದು ಹೇಳಿದ್ದರಿಂದ 22 ತುಂಬಿಸಲೇಬೇಕೆಂದು ತಿಳಿದಿದ್ದ ನನಗೆ, ನಾಲ್ಕು ಚಿತ್ರಗಳನ್ನು ಬಿಡುವುದು ಅಂದು ನಷ್ಟದಂತೆ ಕಂಡಿತು. ಗೋಡೆಯ ಮುಂದೆ ನಿಂತ ದಿನ ಹಾಗೆ ಕಾಣಲಿಲ್ಲ.

ಗಾತ್ರದ ವಿಷಯದಲ್ಲಿ ಮಗಳು ಬಹಳ ಕಟ್ಟುನಿಟ್ಟು. ನನ್ನ ಈಗಿನ ಕ್ಯಾಮೆರಾ 24 ಮೆಗಾಪಿಕ್ಸೆಲ್‌ನದು. 6000×4000 ಪಿಕ್ಸೆಲ್ ಎಂದರೆ ಅಂಗುಲಕ್ಕೆ 300ರಂತೆ 20 ಅಂಗುಲ ಅಗಲದವರೆಗೆ ಚಿಂತೆಯಿಲ್ಲ. ಆದರೆ ಏಣಿಯ ಮೇಲಿದ್ದ ಮೆಣಸು ಕೊಯ್ಯುವವನ ಚಿತ್ರವನ್ನು ನಾನು ದೂರದಿಂದ ತೆಗೆದು, ಸುತ್ತಲೂ ಕತ್ತರಿಸಿ, 1800 ಪಿಕ್ಸೆಲ್ ಅಗಲಕ್ಕೆ ತಂದಿದ್ದೆ. "ಆಂಟಿ, ಇದು ಆರು ಅಂಗುಲದ ಚಿತ್ರ. ಹದಿನೆಂಟಕ್ಕೆ ಹಿಗ್ಗಿಸಿದರೆ ಅವರ ಮುಖ ಮುಖವಾಗಿ ಉಳಿಯುವುದಿಲ್ಲ" ಎಂದು ಹೇಳಿ, ಅದೇ ಸರಣಿಯಲ್ಲಿ ಕತ್ತರಿಸದ ಬೇರೊಂದನ್ನು ಹುಡುಕಿಸಿದಳು. ದೊಡ್ಡ ಪ್ರಿಂಟು ಮಾರಿದರೆ ಅಂಗಡಿಗೇ ಲಾಭ. ಆದರೂ ಬೇಡವೆಂದು ಹೇಳಿದ ಅವಳ ಬಗ್ಗೆ ನನಗೆ ಗೌರವ ಮೂಡಿತು.

ಇನ್ನೊಂದು ಚಿತ್ರದ ವಿಷಯ ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು. 2018ರ ಆಗಸ್ಟಿನಲ್ಲಿ ಮಡಿಕೇರಿ ತಾಲ್ಲೂಕಿನ ಗುಡ್ಡಗಳು ಕುಸಿದಾಗ ನಮ್ಮ ಪರಿಚಯದ ಒಂದು ಕುಟುಂಬದ ಮನೆಯೂ ತೋಟದ ಬಹುಭಾಗವೂ ಮಣ್ಣಿನಡಿಗೆ ಹೋದವು. ಅರ್ಧ ಗೋಡೆ ನಿಂತಿದ್ದ ಆ ಮನೆಯ ಚಿತ್ರ ನನ್ನ ಅರವತ್ತನಾಲ್ಕರಲ್ಲಿತ್ತು. ಆ ವರ್ಷವನ್ನು ಬಿಟ್ಟು ಕಾಫಿಯ ವರ್ಷವನ್ನು ಹೇಳುವುದು ಸುಳ್ಳಾಗುತ್ತದೆ ಎಂದು ನಾನು ಭಾವಿಸಿದ್ದೆ. ಹಿರಿಯರು ಚಿತ್ರದ ಗುಣದ ಬಗ್ಗೆ ಏನನ್ನೂ ಹೇಳದೆ, ಆ ಮನೆಯವರು ಸಭಾಂಗಣಕ್ಕೆ ಬಂದರೆ ಇದರ ಮುಂದೆ ನಿಲ್ಲಬಲ್ಲರೇ, ಅವರನ್ನು ಕೇಳಿದ್ದೀರಾ ಎಂದರು. ನಾನು ಕೇಳಿರಲಿಲ್ಲ. ಮುಂದಿನ ಭಾನುವಾರ ಸಣ್ಣ ಪ್ರಿಂಟನ್ನು ತೆಗೆದುಕೊಂಡು ಹೋಗಿ ಆ ಮನೆಯ ಅಕ್ಕನಿಗೆ ತೋರಿಸಿದೆ. ಅವರು ತುಂಬ ಹೊತ್ತು ನೋಡಿ, "ಮನೆ ಬಿದ್ದದ್ದು ಎಲ್ಲಾ ಪೇಪರಿನಲ್ಲೂ ಬಂತು. ನಾವು ಮತ್ತೆ ಗಿಡ ನೆಟ್ಟದ್ದು ನಿನ್ನ ಹತ್ತಿರ ಇಲ್ಲವಾ?" ಎಂದು ಕೇಳಿದರು. ಇತ್ತು. ಎರಡು ವರ್ಷಗಳ ನಂತರ, ಕೆಂಪು ಮಣ್ಣಿನ ಬೋಳು ಇಳಿಜಾರಿನಲ್ಲಿ, ಮೊಣಕಾಲೆತ್ತರದ ಕಾಫಿ ಗಿಡಗಳ ಸಾಲಿನ ನಡುವೆ ಬಾಗಿ ನಿಂತಿದ್ದ ಅವರ ಚಿತ್ರ ನನ್ನ 180ರಲ್ಲಿ ಇತ್ತು, 64ರಲ್ಲಿ ಇರಲಿಲ್ಲ. ಪ್ರದರ್ಶನದ ಹನ್ನೊಂದನೆಯ ಚಿತ್ರವಾಗಿ ತೂಗಿದ್ದು ಅದು.

ಈ ಸೇವೆಯ ಬಗ್ಗೆ ನನ್ನ ಮುಖ್ಯ ಆಕ್ಷೇಪವೂ ಇಲ್ಲಿಯೇ ಇದೆ. ಅವರು ನೋಡುವುದು ನಾವು ತಂದದ್ದನ್ನು ಮಾತ್ರ. ನಾವು ಮನೆಯಲ್ಲೇ ಬಿಟ್ಟು ಬಂದದ್ದನ್ನು ಒಮ್ಮೆ ತೋರಿಸಿ ಎಂದು ಅವರು ಕೇಳುವುದಿಲ್ಲ. ಟಾರ್ಪಲಿನ ಚಿತ್ರ ಹೇಗೋ ಕಟ್ಟಿನ ಕೊನೆಯಲ್ಲಿ ಉಳಿದಿತ್ತು. ಗಿಡ ನೆಟ್ಟ ಚಿತ್ರ ಒಬ್ಬರ ಮಾತಿನಿಂದ ಹೊರಬಂತು. ಹಾಗೆಯೇ ಇನ್ನೆಷ್ಟು ಉಳಿದಿವೆಯೋ ಎಂಬ ಯೋಚನೆ ನನ್ನನ್ನು ಈಗಲೂ ಬಿಟ್ಟಿಲ್ಲ. ಮೊದಲ ಭೇಟಿಯ ನಂತರ, ಕೊರತೆಯಿರುವ ತಿಂಗಳುಗಳ ಪಟ್ಟಿ ಕೊಟ್ಟು, ಬಿಟ್ಟ ಚಿತ್ರಗಳಲ್ಲಿ ಹುಡುಕಿ ಬನ್ನಿ ಎಂದು ಎರಡನೆಯ ಸಣ್ಣ ಭೇಟಿಯನ್ನು ಅವರು ಏರ್ಪಡಿಸಬೇಕು. ಅದಕ್ಕೆ ಬೇರೆ ಶುಲ್ಕ ಪಡೆದರೂ ತಪ್ಪಿಲ್ಲ. ಜೂನ್ ತಿಂಗಳ ಕೊರತೆಯನ್ನು ನಾನೇ ಮನೆಗೆ ಬಂದು ತುಂಬಿಸಿಕೊಂಡೆ.

ಮುದ್ರಣಕ್ಕೆ ಬರೋಣ. ಪಿಗ್ಮೆಂಟ್ ಶಾಯಿಯಲ್ಲಿ, ಹೊಳಪಿಲ್ಲದ ದಪ್ಪ ಕಾಗದದ ಮೇಲೆ, ಒಂದು ಪ್ರಿಂಟಿಗೆ 850 ರೂಪಾಯಿ. ದೊಡ್ಡದನ್ನು ಮುದ್ರಿಸುವ ಮುಂಚೆ ಅಂಗೈಯಗಲದ ಒಂದು ಪಟ್ಟಿಯನ್ನು ಮುದ್ರಿಸಿ, ಕಿಟಕಿಯ ಬೆಳಕಿನಲ್ಲೂ ದೀಪದ ಬೆಳಕಿನಲ್ಲೂ ತೋರಿಸುತ್ತಾರೆ. ಪರದೆ ತನ್ನದೇ ಬೆಳಕಿನಿಂದ ಹೊಳೆಯುತ್ತದೆ, ಕಾಗದ ಕೋಣೆಯ ಬೆಳಕನ್ನು ನಂಬಿಕೊಂಡಿರುತ್ತದೆ. ಹೀಗಾಗಿ ಪರದೆಯಲ್ಲಿ ಸರಿಯಾಗಿ ಕಂಡದ್ದು ಕಾಗದದಲ್ಲಿ ಕಪ್ಪಾಗುವುದು ಸಾಮಾನ್ಯ. ಮಳೆಗಾಲದ ಚಿತ್ರಗಳಲ್ಲಿ ಕಂಬಳಿಯ ಕಪ್ಪು ಮತ್ತು ಮರದ ಕಾಂಡದ ಕಪ್ಪು ಬೇರೆಬೇರೆಯಾಗಿ ಉಳಿದದ್ದನ್ನು ಕಂಡು ನನಗೆ ಬಹಳ ಸಂತೋಷವಾಯಿತು. ಆದರೆ ಹೂವಿನ ಮೂರು ಚಿತ್ರಗಳಿಗೆ, ಅವಸರದಲ್ಲಿ, ಪಟ್ಟಿ ತೆಗೆಯದೆ ನೇರವಾಗಿ ಮುದ್ರಿಸಿಬಿಟ್ಟಿದ್ದರು. ಹೂವಿನ ಬಿಳುಪು ಇದ್ದಲ್ಲಿ ಶಾಯಿಯೇ ಬೀಳದೆ ಬರಿಯ ಕಾಗದ ಉಳಿದು, ಎಸಳುಗಳ ಬದಲು ತೂತುಗಳಿದ್ದಂತೆ ಕಾಣುತ್ತಿತ್ತು. ತೋರಿಸಿದ ಕೂಡಲೇ ತಪ್ಪನ್ನು ಒಪ್ಪಿಕೊಂಡು ಹಣ ಪಡೆಯದೆ ಮೂರನ್ನೂ ಮತ್ತೆ ಮಾಡಿಕೊಟ್ಟರು.

ಫ್ರೇಮಿನ ಲೆಕ್ಕದಲ್ಲಿ ನನಗೆ ಬೇಸರವಾದದ್ದನ್ನೂ ಹೇಳಬೇಕು. ಮೊದಲು ಹೇಳಿದ ದರ ಒಂದಕ್ಕೆ 1,100 ರೂಪಾಯಿ. ಬಿಲ್ಲಿನಲ್ಲಿ ಮೌಂಟ್ ಬೋರ್ಡಿಗೆ ಪ್ರತ್ಯೇಕವಾಗಿ 250 ಸೇರಿ, ಹದಿನೆಂಟಕ್ಕೆ 4,500 ರೂಪಾಯಿ ಹೆಚ್ಚಾಯಿತು. ಮೌಂಟ್ ಅಗತ್ಯವೇ. ಅದು ಚಿತ್ರಕ್ಕೂ ಗ್ಲಾಸಿಗೂ ನಡುವೆ ಅಂತರ ಕೊಡದಿದ್ದರೆ ನಮ್ಮ ಕೊಡಗಿನ ಥಂಡಿಯಲ್ಲಿ ಪ್ರಿಂಟು ಗ್ಲಾಸಿಗೆ ಅಂಟಿಕೊಳ್ಳುತ್ತದೆ. ಹಳೆಯ ಮದುವೆಯ ಫೋಟೊಗಳಿಗೆ ಆದ ಗತಿ ನಮ್ಮಲ್ಲಿ ಅನೇಕ ಮನೆಗಳಲ್ಲಿ ಕಾಣಸಿಗುತ್ತದೆ. ಅಗತ್ಯವಾದದ್ದನ್ನು ಮೊದಲೇ ಸೇರಿಸಿ ಹೇಳಬೇಕಿತ್ತು ಎಂಬುದಷ್ಟೇ ನನ್ನ ಮಾತು. ಫ್ರೇಮಿನ ಹಿಂಬದಿಯ ಕೆಳಮೂಲೆಗಳಿಗೆ ಕಾರ್ಕಿನ ತುಂಡು ಅಂಟಿಸಿ, ಗೋಡೆಗೂ ಫ್ರೇಮಿಗೂ ನಡುವೆ ಗಾಳಿಯಾಡುವಂತೆ ಮಾಡಿದ್ದು ಕೇಳದೆಯೇ ಮಾಡಿಕೊಟ್ಟ ಒಳ್ಳೆಯ ಕೆಲಸ. ಫ್ರೇಮು ಹಾಕುವವರು ದಸರಾ ಮಂಟಪದ ಕೆಲಸಕ್ಕೆ ಹೋಗಿದ್ದರಿಂದ ಒಂಬತ್ತು ದಿನ ತಡವಾಯಿತು. ಮಡಿಕೇರಿಯಲ್ಲಿ ದಸರಾದ ಹೊತ್ತಿಗೆ ಯಾವ ಕೆಲಸಕ್ಕೂ ದಿನ ಗೊತ್ತುಮಾಡಿಕೊಳ್ಳದಿರುವುದು ಒಳ್ಳೆಯದು. ಎಲ್ಲ ಸೇರಿ ನನಗಾದ ಖರ್ಚು 41,868 ರೂಪಾಯಿ. ಸಣ್ಣ ಬೆಳೆಗಾರರಿಗೆ ಇದು ಸಣ್ಣ ಮೊತ್ತವಲ್ಲ. ಆಯ್ಕೆಯನ್ನು ಇಲ್ಲಿ ಮಾಡಿಸಿ ಫ್ರೇಮನ್ನು ಬೇರೆ ಕಡೆ ಹಾಕಿಸುವುದಕ್ಕೂ ಅವರ ಅಡ್ಡಿಯಿಲ್ಲ.

ಸಭಾಂಗಣದ ಬೆಳಕಿನ ಬಗ್ಗೆ ಅವರು ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಗೋಡೆಯ ಎದುರಿಗೆ ಪಶ್ಚಿಮದ ಕಿಟಕಿಗಳಿದ್ದವು. ಮಧ್ಯಾಹ್ನ ಮೂರರ ನಂತರ ಗ್ಲಾಸಿನಲ್ಲಿ ಕಿಟಕಿಗಳೇ ಕಾಣುತ್ತಿದ್ದವು, ನಾಲ್ಕು ಚಿತ್ರಗಳು ಕಾಣುತ್ತಿರಲಿಲ್ಲ. ಮನೆಯಿಂದ ಪರದೆ ತಂದು ಕಟ್ಟಿದೆ. ಗೋಡೆಯ ಅಳತೆ ಕೇಳುವವರು ಕಿಟಕಿಯ ದಿಕ್ಕನ್ನೂ ಕೇಳಬೇಕು. ತೂಗುಹಾಕುವ ಎತ್ತರದ ಬಗ್ಗೆ ಮಾತ್ರ ಅವರ ಸೂಚನೆ ಸ್ಪಷ್ಟವಾಗಿತ್ತು: ಪ್ರತಿ ಚಿತ್ರದ ನಡುಮಧ್ಯ ನೆಲದಿಂದ 58 ಅಂಗುಲದಲ್ಲಿ, ಒಂದೇ ಗೆರೆಯಲ್ಲಿ.

ಕೊನೆಯದಾಗಿ ಮಾವನವರ ಚಿತ್ರ. ತೀರಿಕೊಳ್ಳುವ ಹಿಂದಿನ ವರ್ಷ ಅವರು ಮೆಣಸಿನ ಬಳ್ಳಿಯ ಬುಡದಲ್ಲಿ ನಿಂತಿದ್ದಾಗ ತೆಗೆದದ್ದು. ಮುಖದ ಅರ್ಧ ನೆರಳಿನಲ್ಲಿದೆ, ಹಿಂದಿನ ಎಲೆಗಳು ಅತಿಯಾಗಿ ಬೆಳಗಿವೆ. ಹಿರಿಯರು ಅದನ್ನು ಮನೆಯ ನಡುಮನೆಯಲ್ಲಿಡಿ, ಸಭಾಂಗಣದಲ್ಲಿ ಬೇಡ ಎಂದು ಮೃದುವಾಗಿಯೇ ಹೇಳಿದರು. ಅವರು ಹೇಳಿದ ಮಾತುಗಳಲ್ಲಿ ನಾನು ಒಪ್ಪದೆ ಹೋದದ್ದು ಇದೊಂದೇ. ಆ ತೋಟವನ್ನು ಕಟ್ಟಿದವರೇ ಇಲ್ಲದ ಪ್ರದರ್ಶನ ನನಗೆ ಬೇಡವಾಗಿತ್ತು. ಅವರು ಮತ್ತೆ ವಾದಿಸದೆ, ಉಳಿದವುಗಳಷ್ಟೇ ಶ್ರದ್ಧೆಯಿಂದ ಅದನ್ನೂ ಮುದ್ರಿಸಿ, ನೆರಳಿನಿಂದ ಮುಖವನ್ನು ಸಾಧ್ಯವಾದಷ್ಟು ಮೇಲೆತ್ತಿ ಕೊಟ್ಟರು. ಹತ್ತು ದಿನವೂ ನಾನು ಸಭಾಂಗಣದಲ್ಲಿ ಕುಳಿತು ನೋಡಿದೆ. ಟಾರ್ಪಲಿನ ಚಿತ್ರದ ಮುಂದೆ ಬೆಳೆಗಾರರು ನಿಂತರು, ತಮ್ಮ ತಮ್ಮ ಕಣದ ಮಳೆಯ ಕಥೆ ಹೇಳಿದರು. ಗಿಡ ನೆಟ್ಟ ಚಿತ್ರದ ಮುಂದೆ ಆ ಅಕ್ಕ ತಮ್ಮ ಇಬ್ಬರು ಮಕ್ಕಳೊಡನೆ ಬಂದು ನಿಂತರು. ಮಾವನವರ ಚಿತ್ರದ ಮುಂದೆ ನಿಂತವರು ನಮ್ಮ ನೆಂಟರು ಮಾತ್ರ. ಉಳಿದವರು ಅದನ್ನು ದಾಟಿ ಹೋದರು. ಸ್ಟುಡಿಯೊದ ಹಿರಿಯರ ಮಾತು ಸರಿಯಾಗಿತ್ತು. ಪ್ರದರ್ಶನ ಮುಗಿದ ದಿನ ಮೊದಲು ಇಳಿಸಿದ್ದು ಆ ಫ್ರೇಮನ್ನು, ಈಗ ಅದು ನಡುಮನೆಯಲ್ಲಿ ಮಾವನವರು ಕುಳಿತುಕೊಳ್ಳುತ್ತಿದ್ದ ಕುರ್ಚಿಯ ಮೇಲ್ಗಡೆ ಇದೆ.

ಹೋಗಬಯಸುವವರು ಹದಿನೈದು ದಿನ ಮುಂಚೆ ಫೋನು ಮಾಡಿ ಸಮಯ ಗೊತ್ತುಮಾಡಿಕೊಳ್ಳಬೇಕು. ದಿನಕ್ಕೆ ಒಬ್ಬರನ್ನು ಮಾತ್ರ ಕೂರಿಸಿಕೊಳ್ಳುತ್ತಾರೆ. ಅಂಗಡಿಯ ಮುಂದೆ ಗಾಡಿ ನಿಲ್ಲಿಸಲು ಜಾಗವಿಲ್ಲ. ಆರಿಸದೆ ಉಳಿದ ಸಣ್ಣ ಪ್ರಿಂಟುಗಳನ್ನು ಅವರು ಕವರಿನಲ್ಲಿ ಹಾಕಿ ಹಿಂದಿರುಗಿಸುತ್ತಾರೆ. ಪ್ರತಿಯೊಂದರ ಬೆನ್ನಿಗೆ, ಅದನ್ನು ಏಕೆ ಬಿಟ್ಟರೆಂಬುದನ್ನು ಪೆನ್ಸಿಲಿನಲ್ಲಿ ಎರಡು ಪದ ಬರೆದುಕೊಡಲು ಕೇಳಿಕೊಳ್ಳಿ. ನಾನು ಕೇಳಿಕೊಳ್ಳಲಿಲ್ಲ, ಮತ್ತು ಮಂಗಟ್ಟೆಯದನ್ನು ಬಿಟ್ಟರೆ ಉಳಿದವುಗಳ ಕಾರಣ ನನಗೆ ಈಗಾಗಲೇ ಮರೆಯತೊಡಗಿದೆ.